ದಣಿವಾರುವ ಹೊತ್ತನ್ನು ಅಳೆಯುವ ಬೆಲ್ಟ್

ಸ್ನಾಯುಗಳನ್ನು ತಟ್ಟಿ ಸಡಿಲಿಸುವ ಮಸಾಜ್ ಗನ್ನಿಗೆ ಹಣ ಹಾಕಬೇಕೋ, ಎದೆಗೆ ಕಟ್ಟುವ ಹೃದಯಬಡಿತದ ಬೆಲ್ಟಿಗೆ ಹಾಕಬೇಕೋ ಎಂದು ಕೇಳುವ ದೈಹಿಕ ಶಿಕ್ಷಕರು ನಮ್ಮ ಜಿಲ್ಲೆಯಲ್ಲಿ ಈಗೀಗ ಹೆಚ್ಚುತ್ತಿದ್ದಾರೆ. ನನ್ನ ಉತ್ತರ ಬೆಲ್ಟ್. ಗನ್ನು ನಾಳೆಯ ಮೈಕೈ ನೋವಿಗೆ ಒಂದಿಷ್ಟು ಹಿತ ಕೊಟ್ಟೀತು. ಆದರೆ ಕಬಡ್ಡಿಯಲ್ಲಿ ಒಂದು ರೈಡ್ ಮುಗಿಸಿ ಬಂದ ಹುಡುಗಿ ಮುಂದಿನ ರೈಡಿಗೆ ಯಾವಾಗ ಸಿದ್ಧಳಾಗುತ್ತಾಳೆ ಎಂದು ಕೇಳಿದರೆ ಅದು ಬರೀ ಗುಂಯ್‌ಗುಡುತ್ತದೆ. ಬೆಲ್ಟಿನ ಬಳಿಯೂ ಪೂರ್ತಿ ಉತ್ತರವಿಲ್ಲ, ಅರ್ಧದಷ್ಟಿದೆ. ಇರುವ ಅರ್ಧದ ಬಗ್ಗೆಯೂ ಇಲ್ಲದ ಅರ್ಧದ ಬಗ್ಗೆಯೂ ಬರೆಯುತ್ತೇನೆ.

ನಾನು ಕಾರವಾರ ತಾಲ್ಲೂಕಿನ ಒಂದು ಪ್ರೌಢಶಾಲೆಯ ದೈಹಿಕ ಶಿಕ್ಷಕಿ. ಹುಡುಗಿಯರ ಕಬಡ್ಡಿ ತಂಡ ನನ್ನ ಕೈಯಲ್ಲಿದೆ. ತಂಡದಲ್ಲಿ ಮಾಜಾಳಿಯವರಿದ್ದಾರೆ, ಚಿತ್ತಾಕುಲದವರಿದ್ದಾರೆ, ಬೈತಖೋಲದ ಮೀನುಗಾರರ ಮನೆಯ ಮಕ್ಕಳಿದ್ದಾರೆ. ಕಾಲಿನ ಚುರುಕಿನಲ್ಲಾಗಲಿ ಹಿಡಿತದ ಬಿಗಿಯಲ್ಲಾಗಲಿ ಇವರಿಗೆ ಕೊರತೆ ಇರಲಿಲ್ಲ. ಆದರೂ ಪಂದ್ಯ ಕೈಬಿಟ್ಟು ಹೋಗುತ್ತಿದ್ದುದು ಎರಡನೆಯ ಅರ್ಧದಲ್ಲಿ. ಕಬಡ್ಡಿಯ ಲೆಕ್ಕ ನಿರ್ದಯವಾದದ್ದು. ಒಂದು ರೈಡಿಗೆ 30 ಸೆಕೆಂಡ್. ಹೋದವಳು ಸುರಕ್ಷಿತವಾಗಿ ಗೆರೆ ದಾಟಿ ಬಂದರೆ ಎದುರಾಳಿಯ ರೈಡರ್ ಬೆನ್ನಿಗೇ ಇತ್ತ ಬರುತ್ತಾಳೆ. ಅವಳಿಗೂ ಹೆಚ್ಚೆಂದರೆ 30 ಸೆಕೆಂಡ್. ಅಷ್ಟು ಹೊತ್ತು ನಮ್ಮವಳು ಪಕ್ಕದವಳ ಕೈಹಿಡಿದು ಸರಪಳಿಯಲ್ಲಿ ನಿಲ್ಲಬೇಕು, ಬೇಕಾದರೆ ನುಗ್ಗಿ ಹಿಡಿಯಬೇಕು. ಅದು ಮುಗಿಯುತ್ತಿದ್ದಂತೆ ‘ನೀನೇ ಹೋಗು’ ಎಂದು ನಾಯಕಿ ಕಣ್ಸನ್ನೆ ಮಾಡುತ್ತಾಳೆ. ವಿಶ್ರಾಂತಿ ಎಂದು ಹೆಸರಿಡಬಹುದಾದದ್ದು ಇದ್ದರೆ ಆ ಅರ್ಧ ನಿಮಿಷ ಮಾತ್ರ. ಆಗ ಮೈಯೊಳಗೆ ನಡೆಯುವುದೇನು, ಅದನ್ನು ಬೇಗ ನಡೆಸುವುದು ಹೇಗೆ ಎಂಬುದೇ ನನ್ನ ತಲೆನೋವಾಗಿತ್ತು.

ಜೋರಿನ ಕೆಲಸದ ಮೊದಲ ಕೆಲವು ಸೆಕೆಂಡುಗಳನ್ನು ಸ್ನಾಯುವಿನಲ್ಲೇ ಇರುವ ಎಟಿಪಿ ಮತ್ತು ಕ್ರಿಯಾಟಿನ್ ಫಾಸ್ಫೇಟ್ ಎಂಬ ಶಕ್ತಿಯ ದಾಸ್ತಾನು ನೋಡಿಕೊಳ್ಳುತ್ತದೆ. ಪೂರ್ತಿ ಬಲ ಹಾಕಿದರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಅದು ತಳ ಕಾಣಲು ತೊಡಗುತ್ತದೆ. ನಿಂತ ಕೂಡಲೇ ಮತ್ತೆ ತುಂಬಿಕೊಳ್ಳುತ್ತದೆ: ಹೆಚ್ಚುಕಡಿಮೆ ಅರ್ಧ ನಿಮಿಷದಲ್ಲಿ ಅರ್ಧ, ಪೂರ್ತಿಯ ಹತ್ತಿರಕ್ಕೆ ಬರಲು ಮೂರರಿಂದ ಐದು ನಿಮಿಷ. ಹೀಗೆ ತುಂಬಿಸುವುದಕ್ಕೆ ಬೇಕಾದದ್ದು ಆಮ್ಲಜನಕ. ಹಾಗಾಗಿ ಹತ್ತು ಸೆಕೆಂಡಿನ ಸಾಹಸವನ್ನು ಮತ್ತೆ ಮತ್ತೆ ಮಾಡಬಲ್ಲವಳು ಯಾರೆಂದು ತೀರ್ಮಾನಿಸುವುದು ಅವಳ ತೋಳಿನ ಬಲವಲ್ಲ, ಅರ್ಧ ಗಂಟೆ ಒಂದೇ ಸಮನೆ ಓಡಬಲ್ಲ ಹೃದಯ. ದೈಹಿಕ ಶಿಕ್ಷಣದ ಪದವಿಯಾದ ಬಿ.ಪಿ.ಎಡ್. ಪರೀಕ್ಷೆಯಲ್ಲಿ ನಾವೆಲ್ಲ ದಣಿವಿನ ಪಾಪವನ್ನು ಲ್ಯಾಕ್ಟಿಕ್ ಆಮ್ಲದ ತಲೆಗೆ ಕಟ್ಟಿ ಅಂಕ ಗಿಟ್ಟಿಸಿದವರೇ. ಮರುದಿನ ಮೆಟ್ಟಿಲಿಳಿಯುವಾಗ ತೊಡೆ ಹಿಡಿದುಕೊಳ್ಳುವುದಕ್ಕೆ ಅದು ಕಾರಣವಲ್ಲ. ಅಷ್ಟು ಹೊತ್ತಿಗೆ ಅದು ರಕ್ತದಿಂದ ಯಾವಾಗಲೋ ಖಾಲಿಯಾಗಿರುತ್ತದೆ.

ಸ್ನಾಯುವಿನೊಳಗೆ ಇಣುಕುವ ಯಂತ್ರ ಶಾಲೆಯ ಕೈಗೆಟುಕುವುದಿಲ್ಲ. ಎಟುಕುವುದು ಎದೆಬಡಿತ. ಅದನ್ನು ಹಿಡಿದು ವಿಶ್ರಾಂತಿಯನ್ನು ಅಳೆಯುವುದು ಹಳೆಯ ವಿದ್ಯೆಯೇ. 1930ರ ದಶಕದಲ್ಲಿ ಜರ್ಮನಿಯ ತರಬೇತುದಾರ ವೋಲ್ಡೆಮಾರ್ ಗೆರ್ಷ್ಲರ್, ವೈದ್ಯ ಹರ್ಬರ್ಟ್ ರೈಂಡೆಲ್ ಅವರೊಂದಿಗೆ ಸೇರಿ ಒಂದು ನಿಯಮ ಮಾಡಿಕೊಂಡಿದ್ದರು. ಓಟದಲ್ಲಿ ಬಡಿತ ನಿಮಿಷಕ್ಕೆ 180ರ ಆಸುಪಾಸಿಗೆ ಏರಲಿ, ಆಮೇಲೆ 120ಕ್ಕೆ ಇಳಿಯುವ ತನಕ ಕಾಯಿರಿ, 90 ಸೆಕೆಂಡಿನಲ್ಲಿ ಇಳಿಯದಿದ್ದರೆ ಆ ಓಟ ಅವನಿಗೆ ಭಾರವಾಯಿತೆಂದು ತಿಳಿಯಿರಿ. ಗೆರ್ಷ್ಲರ್ ಅವರ ಶಿಷ್ಯ ರುಡಾಲ್ಫ್ ಹಾರ್ಬಿಗ್ 1939ರಲ್ಲಿ 800 ಮೀಟರನ್ನು 1 ನಿಮಿಷ 46.6 ಸೆಕೆಂಡಿನಲ್ಲಿ ಓಡಿದ. ಆ ವಿಶ್ವದಾಖಲೆಯನ್ನು 1955ರ ತನಕ ಯಾರೂ ಮುರಿಯಲಿಲ್ಲ. ಆಗೆಲ್ಲ ನಾಡಿ ಹಿಡಿದು ಎಣಿಸುವುದೇ ದಾರಿ. ನಿಸ್ತಂತು ಮಾಪಕ ಮಾರುಕಟ್ಟೆಗೆ ಬಂದದ್ದು 1982ರಲ್ಲಿ, ಫಿನ್‌ಲೆಂಡಿನ ಪೋಲಾರ್ ಕಂಪನಿಯಿಂದ.

ನಾನು ಕೊಂಡದ್ದು ಪೋಲಾರ್ ಅಲ್ಲ. ಮೂರು ಸಾವಿರದ ಚಿಲ್ಲರೆಗೆ ಸಿಗುವ, ಹೆಸರು ಹೇಳಿದರೂ ನಿಮಗೆ ನೆನಪುಳಿಯದ ಒಂದು ಬೆಲ್ಟ್. ಕಾರವಾರದ ಕ್ರೀಡಾ ಸಾಮಗ್ರಿ ಅಂಗಡಿಗಳಲ್ಲಿ ಕೇಳಿದರೆ ಸೊಂಟದ ಬೆಲ್ಟ್ ತೋರಿಸಿದರು. ಮಡಗಾಂವಿಗೆ ಹೋದವರ ಕೈಯಲ್ಲಿ ಹೇಳಿ ಕಳಿಸಿದೆ, ಅಲ್ಲೂ ಇರಲಿಲ್ಲ. ಕೊನೆಗೆ ಆನ್‌ಲೈನಿನಲ್ಲೇ ತರಿಸಿದೆ. ಮೊದಲನೆಯದು ನನ್ನ ಸ್ವಂತ ದುಡ್ಡಿನದು. ಫಲ ಕಂಡ ಮೇಲೆ ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯವರು ಇನ್ನೆರಡಕ್ಕೆ ಒಪ್ಪಿದರು. ದಾಸ್ತಾನು ಪುಸ್ತಕದಲ್ಲಿ ಇದನ್ನು ಕ್ರೀಡಾ ಸಾಮಗ್ರಿ ಎಂದು ಬರೆಯಬೇಕೋ ಪ್ರಯೋಗಾಲಯದ ಸಾಮಗ್ರಿ ಎಂದೋ ಎಂಬ ಚರ್ಚೆ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಬೆಲ್ಟ್ ಕೊಳ್ಳುವ ಚರ್ಚೆಗಿಂತ ಉದ್ದ ನಡೆಯಿತು.

ವಸ್ತು ನೋಡಲು ಏನೂ ಇಲ್ಲ. ಎರಡು ಬೆರಳಗಲದ ಎಲಾಸ್ಟಿಕ್ ಪಟ್ಟಿ. ಅದರ ಒಳಮೈಯಲ್ಲಿ ಎಡಕ್ಕೊಂದು ಬಲಕ್ಕೊಂದು ವಿದ್ಯುತ್ ಹರಿಯುವ ರಬ್ಬರಿನ ತುಂಡು. ಹೊರಮೈಯಲ್ಲಿ ಎರಡು ಟಿಚ್ ಬಟನ್ನುಗಳಿಗೆ ಕಚ್ಚಿಕೊಳ್ಳುವ, ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಪ್ಲಾಸ್ಟಿಕ್ ಗುಂಡಿ. ಗುಂಡಿಯ ಹೊಟ್ಟೆಯಲ್ಲಿ ಸಿಆರ್ 2032 ನಾಣ್ಯಸೆಲ್. ಇಸಿಜಿ ತೆಗೆಯುವ ರೀತಿಯಲ್ಲೇ ಹೃದಯದ ವಿದ್ಯುತ್ ಮಿಡಿತವನ್ನು ಚರ್ಮದಿಂದ ಹಿಡಿದು ಬ್ಲೂಟೂತಿನಲ್ಲಿ ಮೊಬೈಲಿಗೆ ಕಳಿಸುತ್ತದೆ. ಕೈಗಡಿಯಾರದ ಹಸಿರು ದೀಪಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಗಡಿಯಾರ ನೋಡುವುದು ಚರ್ಮದಡಿಯ ರಕ್ತದ ಏರಿಳಿತವನ್ನು. ಮಣಿಕಟ್ಟು ಮಡಚಿ, ಮುಷ್ಟಿ ಬಿಗಿಯುವ ಆಟಗಳಲ್ಲಿ ಅದು ದಾರಿ ತಪ್ಪುತ್ತದೆ. ಓಟ ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಹಳೆಯ ಅಂಕಿಯನ್ನೇ ತೋರಿಸುತ್ತಿರುತ್ತದೆ. ನಮಗೆ ಬೇಕಾದದ್ದು ಆ ಸ್ವಲ್ಪ ಹೊತ್ತೇ ಆದ್ದರಿಂದ ಗಡಿಯಾರ ನನಗೆ ಬೇಡವಾಯಿತು.

ಕಟ್ಟುವ ಮೊದಲು ರಬ್ಬರನ್ನು ಒದ್ದೆ ಮಾಡಲೇಬೇಕು. ಒಣಗಿದ ಬೆಲ್ಟ್ ಮೊದಲ ಕೆಲವು ನಿಮಿಷ ಬಾಯಿಗೆ ಬಂದದ್ದು ಹೇಳುತ್ತದೆ. ಮೈಗೆ ಅಂಟದೆ ಪಟಪಟ ಹಾರುವ ನೈಲಾನ್ ಜೆರ್ಸಿಯೂ ಅದರ ವೈರಿಯೇ. ಬಟ್ಟೆಯ ತಿಕ್ಕಾಟದಿಂದ ಹುಟ್ಟುವ ವಿದ್ಯುತ್ತನ್ನು ಅದು ಹೃದಯದ ಮಿಡಿತ ಎಂದುಕೊಳ್ಳುತ್ತದೆ. ಡಿಸೆಂಬರಿನ ಒಂದು ಬೆಳಿಗ್ಗೆ, ಇನ್ನೂ ಬೆವರೇ ಬಂದಿರದ ಚಿತ್ತಾಕುಲದ ಹುಡುಗಿ ಮೊಬೈಲ್ ನೋಡಿ, “ಅಕ್ಕೋರೇ, ನನ್ನದು 228! ನಾನು ಮನೆಗೆ ಹೋಗಲಾ?” ಎಂದು ಕೇಳಿದಳು. ಅವಳು ಆಗ ಶೂ ಲೇಸು ಕಟ್ಟುತ್ತಿದ್ದಳು. ಬಾಟಲಿಯ ನೀರು ಚಿಮುಕಿಸಿ, ಅಂಗಿಯನ್ನು ಒಳಗೆ ಸಿಕ್ಕಿಸಿದ ಮೇಲೆ 90ಕ್ಕೆ ಇಳಿಯಿತು.

ಹುಡುಗಿಯರ ತಂಡಕ್ಕೆ ಕೊಳ್ಳುವವರಿಗೆ ಇನ್ನೊಂದು ವಿಷಯ. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಅಂಗಿಯಿಲ್ಲದ ಗಂಡಸು ಎದೆ ಉಬ್ಬಿಸಿ ನಿಂತಿರುತ್ತಾನೆ. ಬೆಲ್ಟನ್ನು ತಯಾರಿಸಿರುವುದೂ ಅವನ ಅಳತೆಗೇ. ಎಂಟನೆಯ ತರಗತಿಯ ಸಣಕಲು ಹುಡುಗಿಗೆ ಎಷ್ಟು ಬಿಗಿ ಮಾಡಿದರೂ ಓಡುವಾಗ ಸೊಂಟಕ್ಕೆ ಜಾರುತ್ತದೆ. ನಾವು ಬೆನ್ನಿನ ಕಡೆ ಒಂದು ಮಡಿಕೆ ಹಾಕಿ ಹೊಲಿಸಿದ್ದೇವೆ. ಕಟ್ಟಿಕೊಳ್ಳಲು ಬಾಗಿಲು ಹಾಕಿಕೊಳ್ಳುವ ಕೋಣೆ ಬೇಕು. ಕಡಲತೀರಕ್ಕೆ ಹೋಗುವ ದಿನ ಶಾಲೆಯಲ್ಲೇ ಕಟ್ಟಿಕೊಂಡು ಹೊರಡುತ್ತೇವೆ. ಇದೇನು, ಯಾಕೆ ಎಂದು ತಾಯಂದಿರಿಗೆ ಮೊದಲೇ ಕರೆದು ತೋರಿಸಿದ್ದರಿಂದ ಯಾರೂ ಗೊಣಗಲಿಲ್ಲ. ಒಬ್ಬ ತಾಯಿ ತಾವೇ ಕಟ್ಟಿಕೊಂಡು ನೋಡಿ, ಮೀನಿನ ಬುಟ್ಟಿ ಹೊತ್ತು ಬಂದ ಮೇಲೆ ಎಷ್ಟಾಗಬಹುದು ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಅಳೆಯುವುದು ಇನ್ನೂ ಬಾಕಿ ಇದೆ.

ಈಗ ಬೆಲ್ಟ್ ದುಡ್ಡು ವಾಪಸು ಮಾಡಿದ ಸಂಗತಿಗೆ ಬರುತ್ತೇನೆ. ಓಡಿ ಬಂದವರು ಮೊಣಕಾಲಿಗೆ ಕೈಯೂರಿ ಬಗ್ಗಿದರೆ ನಮ್ಮ ಕಾಲದ ಮಾಸ್ತರರು ಬೆನ್ನಿಗೆ ಬೆತ್ತ ತಟ್ಟುತ್ತಿದ್ದರು. ನೆಟ್ಟಗೆ ನಿಲ್ಲು, ಕೈ ತಲೆಯ ಮೇಲಿಡು, ಆಗ ಉಸಿರು ಸಲೀಸು ಎಂಬುದು ಉತ್ತರ ಕನ್ನಡದ ಅಷ್ಟೂ ಆಟದ ಮೈದಾನಗಳ ಶಾಸ್ತ್ರ. 2019ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಇದನ್ನು ಪರೀಕ್ಷೆಗೆ ಹಚ್ಚಿತು. ವಿಶ್ವವಿದ್ಯಾಲಯ ಮಟ್ಟದ 20 ಫುಟ್‌ಬಾಲ್ ಆಟಗಾರ್ತಿಯರು ನಾಲ್ಕು ನಿಮಿಷದ ಜೋರಿನ ಓಟಗಳ ನಡುವೆ ಒಂದು ದಿನ ಕೈಯನ್ನು ತಲೆಯ ಮೇಲಿಟ್ಟು ನಿಂತರು, ಇನ್ನೊಂದು ದಿನ ಮೊಣಕಾಲಿಗೆ ಊರಿ ಬಗ್ಗಿದರು. ಮೊದಲ ಒಂದು ನಿಮಿಷದಲ್ಲಿ ಬಗ್ಗಿದಾಗ ಬಡಿತ ಸರಾಸರಿ 53ರಷ್ಟು ಇಳಿಯಿತು, ನೆಟ್ಟಗೆ ನಿಂತಾಗ ಇಳಿದದ್ದು 31 ಮಾತ್ರ. ಬಗ್ಗಿ ನಿಂತಾಗ ವಪೆಗೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಆ ಉಸಿರಿನ ಸ್ನಾಯುವಿಗೆ, ಕೆಲಸ ಮಾಡಲು ಅನುಕೂಲದ ಆಕಾರ ಸಿಗುತ್ತದೆ ಎಂಬುದು ಅವರು ಕೊಡುವ ಕಾರಣ.

ನಮ್ಮ ಮಕ್ಕಳ ಮೇಲೆ ನೋಡದೆ ನಂಬುವವಳಲ್ಲ ನಾನು. ಕಾರವಾರದ ಟಾಗೋರ್ ಕಡಲತೀರದಲ್ಲಿ ಸಮುದ್ರದ ಇಳಿತದ ಹೊತ್ತಿಗೆ ಒದ್ದೆ ಮರಳು ಗಟ್ಟಿಯಾಗಿ ಸಿಗುತ್ತದೆ. ಅಲ್ಲಿ ಎರಡು ಕೋಲು ನೆಟ್ಟು, ಒಬ್ಬಳನ್ನೇ ಒಂದೇ ದೂರ ಓಡಿಸಿ, ಒಮ್ಮೆ ಹೀಗೆ ಒಮ್ಮೆ ಹಾಗೆ ನಿಲ್ಲಿಸಿ ಮೊಬೈಲ್ ನೋಡುತ್ತಾ ಹೋದೆ. ಮಾಜಾಳಿಯ ರೈಡರ್ 188ಕ್ಕೆ ಏರಿಸಿಕೊಂಡು ಬಂದಳು. ಕೈ ತಲೆಯ ಮೇಲಿಟ್ಟಾಗ ಒಂದು ನಿಮಿಷಕ್ಕೆ 156, ಬಗ್ಗಿ ಮೊಣಕಾಲು ಹಿಡಿದಾಗ 141. ಎಲ್ಲರಲ್ಲೂ ಇಷ್ಟು ಅಂತರ ಬರಲಿಲ್ಲ, ಆದರೆ ಹೆಚ್ಚಿನವರಲ್ಲಿ ದಿಕ್ಕು ಇದೇ. ಒಬ್ಬಳಿಗೆ ಬಗ್ಗಿದರೆ ತಲೆ ಸುತ್ತುತ್ತದೆ. ಅವಳು ನಿಂತೇ ಸುಧಾರಿಸಿಕೊಳ್ಳುತ್ತಾಳೆ, ಇರಲಿ. ಬೇರೆ ಶಾಲೆಯ ಹಿರಿಯ ಮಾಸ್ತರರೊಬ್ಬರು ಇದನ್ನು ನೋಡುತ್ತಾ ನಿಂತಿದ್ದರು. “ಅಕ್ಕೋರೇ, ಹುಡುಗಿಯರಿಗೆ ಬಗ್ಗಿ ನಿಲ್ಲುವುದನ್ನು ಕಲಿಸುತ್ತೀರಾ? ಎದುರಾಳಿಗೆ ದಣಿದದ್ದು ಗೊತ್ತಾಗುವುದಿಲ್ಲವೇ?” ಎಂದರು. ಗೊತ್ತಾಗಲಿ ಬಿಡಿ ಎಂದೆ. ಎದುರಾಳಿಯ ರೈಡ್ ನಡೆಯುವಾಗ ಹೇಗೂ ಬಗ್ಗಿ ನಿಲ್ಲಲಾಗುವುದಿಲ್ಲ. ಆದರೆ ಟೈಮ್ ಔಟ್ ಸಿಕ್ಕಾಗ, ಔಟಾಗಿ ಹೊರಗೆ ಕುಳಿತಾಗ, ಅರ್ಧ ಮುಗಿದಾಗ ನಮ್ಮವರೆಲ್ಲ ಈಗ ಮೊಣಕಾಲು ಹಿಡಿಯುತ್ತಾರೆ.

ವಿಶ್ರಾಂತಿಯಲ್ಲಿ ಸುಮ್ಮನಿರಬೇಕೋ ಮೆಲ್ಲಗೆ ಓಡುತ್ತಿರಬೇಕೋ ಎಂಬ ಜಗಳವನ್ನೂ ಬೆಲ್ಟ್ ಅರ್ಧ ಬಗೆಹರಿಸಿತು. ಕೆಲವು ನಿಮಿಷ ಉದ್ದದ ಓಟಗಳ ನಡುವೆ ಧಾರಾಳವಾಗಿ ಸಮಯವಿದ್ದರೆ ಹಗುರವಾಗಿ ಓಡುತ್ತಿರುವುದು ಒಳ್ಳೆಯದು, ಲ್ಯಾಕ್ಟೇಟ್, ಅಂದರೆ ರಕ್ತದಲ್ಲಿರುವ ಆ ಲ್ಯಾಕ್ಟಿಕ್ ಆಮ್ಲದ ರೂಪ, ಬೇಗ ಕರಗುತ್ತದೆ. ಆದರೆ ಐದು–ಹತ್ತು ಸೆಕೆಂಡಿನ ನುಗ್ಗುವಿಕೆಗಳ ನಡುವೆ ಸಿಗುವ ಅರ್ಧ ನಿಮಿಷದಲ್ಲಿ ಜಾಗಿಂಗ್ ಮಾಡಿದರೆ, ದಾಸ್ತಾನು ತುಂಬಬೇಕಾದ ಆಮ್ಲಜನಕ ಓಟಕ್ಕೇ ಖರ್ಚಾಗುತ್ತದೆ. ಆಗ ನಿಲ್ಲುವುದೇ ಲಾಭ, ಹೆಚ್ಚೆಂದರೆ ನಾಲ್ಕು ಹೆಜ್ಜೆ ನಡೆಯುವುದು. ಮೊಬೈಲಿನಲ್ಲಿ ಕಂಡ 20 ಸೆಕೆಂಡ್ ಓಟ, 10 ಸೆಕೆಂಡ್ ವಿಶ್ರಾಂತಿಯ ಪದ್ಧತಿಯನ್ನು ಮಾಡಿಸಿ ಎಂದು ಹುಡುಗಿಯರು ದುಂಬಾಲು ಬೀಳುತ್ತಾರೆ. ಅದು ಜಪಾನಿನ ಇಜುಮಿ ತಬಾತಾ ಅವರ 1996ರ ಸಂಶೋಧನೆಯಿಂದ ಹೆಸರಾದದ್ದು. ಅದರಲ್ಲಿ ವಿಶ್ರಾಂತಿ ಸಾಲದಂತೆಯೇ ಇಟ್ಟಿರುತ್ತಾರೆ, ದಣಿಸುವುದೇ ಉದ್ದೇಶ. ರೈಡಿನ ಚುರುಕನ್ನು ತಿದ್ದುವ ದಿನ ಅದನ್ನು ಮಾಡಿಸಿದರೆ ಕಲಿಯುವುದು ಕಾಲೆಳೆಯುವುದನ್ನು ಮಾತ್ರ.

ಗೆರ್ಷ್ಲರ್ ಅವರ 120ರ ನಿಯಮ ಕಾರವಾರದ ಏಪ್ರಿಲ್ ತಿಂಗಳಲ್ಲಿ ನಡೆಯುವುದಿಲ್ಲ. ಜರ್ಮನಿಯ ತಂಪಿನಲ್ಲಿ ಹುಟ್ಟಿದ ನಿಯಮ ಅದು. ಇಲ್ಲಿ ಸಂಜೆ ನಾಲ್ಕೂವರೆಗೂ ಬೆವರು ಮೈಮೇಲೆ ನಿಂತೇ ಇರುತ್ತದೆ, ಆರುವುದಿಲ್ಲ. ಮೈ ತಂಪಾಗಬೇಕೆಂದರೆ ಹೃದಯ ಚರ್ಮಕ್ಕೂ ರಕ್ತ ದಬ್ಬಬೇಕು. ಹಾಗಾಗಿ ಕಾಲು ಸುಧಾರಿಸಿಕೊಂಡರೂ ಬಡಿತ 130ರ ಮೇಲೇ ಹಟ ಹಿಡಿದು ಕೂರುತ್ತದೆ. 120ಕ್ಕೆ ಕಾಯುತ್ತಾ ಕುಳಿತರೆ ಕತ್ತಲಾಗುತ್ತದೆ. ನಾನು ಈಗ ಅಂಕಿಯನ್ನು ನೋಡುವುದಿಲ್ಲ, ಇಳಿತವನ್ನು ನೋಡುತ್ತೇನೆ: ಓಟ ಮುಗಿದ ಕ್ಷಣದ ಬಡಿತದಿಂದ ಒಂದು ನಿಮಿಷದ ನಂತರದ ಬಡಿತವನ್ನು ಕಳೆಯುವುದು. ವೈದ್ಯರೂ ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಇದನ್ನು ಗಮನಿಸುತ್ತಾರೆ. ಒಂದು ನಿಮಿಷದಲ್ಲಿ ಇಳಿದದ್ದು 12 ಅಥವಾ ಅದಕ್ಕಿಂತ ಕಡಿಮೆಯಾದರೆ ಅದು ಎಚ್ಚರಿಕೆಯ ಸೂಚನೆ ಎನ್ನುತ್ತದೆ 1999ರ ಹೆಸರಾಂತ ಅಧ್ಯಯನವೊಂದು. ಅದು ವಯಸ್ಕ ರೋಗಿಗಳ ಮಾತು. ಆಡುವ ಮಕ್ಕಳಲ್ಲಿ ಇಳಿತ ಅದರ ಎರಡು–ಮೂರು ಪಟ್ಟು ಇರುತ್ತದೆ. ಒಬ್ಬಳದ್ದನ್ನು ಇನ್ನೊಬ್ಬಳದ್ದರ ಜೊತೆ ಹೋಲಿಸುವುದು ವ್ಯರ್ಥ. ಅವಳದೇ ನೋಟ್‌ಬುಕ್ಕಿನಲ್ಲಿ ಹಿಂದಿನ ವಾರದ ಸಾಲಿನ ಕೆಳಗೆ ಈ ವಾರದ್ದು ಬರೆಯಬೇಕು. ಓಟದಿಂದ ಓಟಕ್ಕೆ ಇಳಿತ ಕುಗ್ಗುತ್ತಾ ಬಂದರೆ ಅವಳಿಗೆ ಆ ದಿನದ ಜೋರಿನ ಕೆಲಸ ಮುಗಿಯಿತು. ಅವಳು ಎಷ್ಟೇ ಅಂಗಲಾಚಲಿ, ನಾನು ಗಾಳಿಮರದ ನೆರಳಿಗೆ ಕಳಿಸುತ್ತೇನೆ.

ನೆರಳಲ್ಲಿ ಒಂದು ಬಕೆಟ್ ತಣ್ಣೀರು ಇರುತ್ತದೆ. ಬೈತಖೋಲ ಬಂದರಿನಲ್ಲಿ ಮೀನಿಗೆ ಹಾಕುವ ಮಂಜುಗಡ್ಡೆಯ ಚೂರನ್ನು ಮಕ್ಕಳೇ ತರುತ್ತಾರೆ, ಎರಡು ತುಂಡು ಸಾಕು. ಅಂಗೈಯನ್ನು ಮಣಿಕಟ್ಟಿನ ತನಕ ಅದರಲ್ಲಿ ಅದ್ದಿ ಕೂರಬೇಕು. ಅಂಗೈಯ ಚರ್ಮದಡಿ ಮೈಯ ಶಾಖವನ್ನು ಹೊರಬಿಡುವುದಕ್ಕೆಂದೇ ಇರುವ ರಕ್ತನಾಳಗಳಿವೆ. ನೀರು ತಣ್ಣಗಿರಬೇಕೇ ಹೊರತು ಕೊರೆಯಬಾರದು, ಕೊರೆದರೆ ಆ ನಾಳಗಳೇ ಮುಚ್ಚಿಕೊಳ್ಳುತ್ತವೆ. ಪಂದ್ಯದ ನಡುವೆ ಕಾಲಿಗೆ ಐಸ್ ಇಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ತಣ್ಣಗಾದ ಸ್ನಾಯುವಿಗೆ ಸಿಡಿಯುವ ಬಲ ಕಡಿಮೆ. ಐಸ್ ನೀರಿನಲ್ಲಿ ಕೂರುವುದಿದ್ದರೆ ಆಟವೆಲ್ಲ ಮುಗಿದ ಮೇಲೆ, ಮರುದಿನ ಮತ್ತೆ ಪಂದ್ಯವಿದ್ದರೆ ಮಾತ್ರ.

ಬೆಲ್ಟ್ ಹೇಳದಿರುವ ಅರ್ಧ ಯಾವುದೆಂದರೆ, ಕಾಲಿನ ಸುದ್ದಿ. ಬಡಿತ ಇಳಿದ ಮಾತ್ರಕ್ಕೆ ಸ್ನಾಯುವಿನ ದಾಸ್ತಾನು ತುಂಬಿತು ಎಂದಲ್ಲ. ಎರಡೂ ಒಟ್ಟಿಗೆ ನಡೆಯುವುದುಂಟು, ನಡೆಯದಿರುವುದೂ ಉಂಟು. ಸಣ್ಣ ನುಗ್ಗುವಿಕೆ ನಡೆಯುತ್ತಿರುವಾಗಂತೂ ಬೆಲ್ಟ್ ನಿಷ್ಪ್ರಯೋಜಕ. ಹತ್ತು ಸೆಕೆಂಡ್ ಓಡಿ ನಿಂತ ಮೇಲೂ ಬಡಿತ ಇನ್ನೂ ಏರುತ್ತಲೇ ಇರುತ್ತದೆ, ಹೃದಯಕ್ಕೆ ಸುದ್ದಿ ತಡವಾಗಿ ತಲುಪುತ್ತದೆ. ಪರೀಕ್ಷೆ ಇದ್ದ ವಾರ, ನಿದ್ದೆಗೆಟ್ಟ ರಾತ್ರಿ, ಮುಟ್ಟಿನ ದಿನಗಳು, ಬೆಳಿಗ್ಗೆ ತಿಂಡಿ ಬಿಟ್ಟದ್ದು, ಎಲ್ಲವೂ ಅಂಕಿಯಲ್ಲಿ ಬೆರೆತು ಬರುತ್ತವೆ. ಆದ್ದರಿಂದ ಮೊಬೈಲಿನ ಜೊತೆಗೆ ಸ್ಟಾಪ್‌ವಾಚ್ ಬಿಡಬಾರದು. ಬಡಿತ ಚೆನ್ನಾಗಿ ಇಳಿದಿದ್ದು, ಮಧ್ಯರೇಖೆಯಿಂದ ಎದುರಾಳಿಯ ಅಂಗಳದೊಳಗಿನ ಬೋನಸ್ ಗೆರೆ ಮುಟ್ಟಿ ವಾಪಸು ಬರುವ ಹೊತ್ತು ಮಾತ್ರ ಹೆಚ್ಚುತ್ತಾ ಹೋದರೆ ಸ್ಟಾಪ್‌ವಾಚಿನ ಮಾತೇ ಕೊನೆ.

ಇನ್ನು ಬೆಲ್ಟಿನ ಜೊತೆ ಬರುವ ಆ್ಯಪ್. ಇದರಷ್ಟು ವಾಚಾಳಿಯನ್ನು ನಾನು ಕಂಡಿಲ್ಲ. ತೆರೆದ ಕೂಡಲೇ ಖಾತೆ ಮಾಡಿ ಎನ್ನುತ್ತದೆ, ಹುಟ್ಟಿದ ದಿನ ಕೇಳುತ್ತದೆ, ತೂಕ ಕೇಳುತ್ತದೆ, ಸ್ನೇಹಿತರನ್ನು ಕರೆಯಿರಿ ಎನ್ನುತ್ತದೆ. ಮಕ್ಕಳ ಹೆಸರನ್ನು ಅದಕ್ಕೆ ಕೊಡಲು ನನಗೆ ಮನಸ್ಸಿಲ್ಲ, ಅವರೆಲ್ಲ ಅದರಲ್ಲಿ ಜೆರ್ಸಿ ಸಂಖ್ಯೆಗಳು. ಗರಿಷ್ಠ ಬಡಿತವನ್ನು ಅದು 220ರಿಂದ ವಯಸ್ಸು ಕಳೆದು ಲೆಕ್ಕ ಹಾಕುತ್ತದೆ. ಹದಿನೈದರ ಹುಡುಗಿಗೆ 205. 2001ರಲ್ಲಿ ಬಂದ ಇನ್ನೊಂದು ಸೂತ್ರ, 208ರಿಂದ ವಯಸ್ಸಿನ 0.7 ಪಟ್ಟು ಕಳೆಯುವುದು, ಅದೇ ಹುಡುಗಿಗೆ 197 ಅಥವಾ 198 ಎನ್ನುತ್ತದೆ. ಎರಡೂ ಸರಾಸರಿಯ ಮಾತುಗಳು. ಒಬ್ಬೊಬ್ಬರಲ್ಲಿ ಹತ್ತು ಬಡಿತ ಆಚೀಚೆ ಆಗುವುದು ಸಹಜ. ಆ ಸೂತ್ರದ ಮೇಲೆ ಕಟ್ಟಿದ ಕೆಂಪು–ಹಳದಿ ಪಟ್ಟೆಗಳನ್ನು ಕಂಡು ಬೆಚ್ಚುವುದೂ ಬೇಡ, ಬೀಗುವುದೂ ಬೇಡ. ಒಂದು ಸಾಧಾರಣ ಅಭ್ಯಾಸದ ನಂತರ ಆ್ಯಪ್ ‘ಚೇತರಿಕೆಗೆ 41 ಗಂಟೆ’ ಎಂದು ಘೋಷಿಸಿತು. ಆ ಹುಡುಗಿ ಅಷ್ಟರಲ್ಲಾಗಲೇ ಬಸ್ಸಿಗೆ ಓಡಿ ಹೋಗಿದ್ದಳು. ಬೆಲ್ಟು ಸಾಮಾನ್ಯ ಬ್ಲೂಟೂತ್ ಪದ್ಧತಿಯದಾದರೆ ಬೇರೆ ಉಚಿತ ಆ್ಯಪ್‌ಗಳಿಗೂ ಜೋಡಿಸಬಹುದು. ನಾನು ಈಗ ಬರೀ ಬಡಿತ ಮತ್ತು ಗೆರೆ ತೋರಿಸುವ ಒಂದನ್ನು ಹಾಕಿಕೊಂಡಿದ್ದೇನೆ, ಶಾಂತಿಯಿದೆ.

ಪಂದ್ಯದಲ್ಲಿ, ಹಿಡಿತದ ಅಭ್ಯಾಸದಲ್ಲಿ ಬೆಲ್ಟ್ ಬೇಡವೇ ಬೇಡ. ಎದೆಯಡಿ ಗಟ್ಟಿ ಪ್ಲಾಸ್ಟಿಕ್ ಇಟ್ಟುಕೊಂಡು ನಾಲ್ವರ ಕೆಳಗೆ ಬಿದ್ದರೆ ಪಕ್ಕೆಲುಬಿಗೆ ಪೆಟ್ಟು. ನಾವು ಕಟ್ಟುವುದು ಮೈ ಮುಟ್ಟದ ಓಟಗಳಿಗೆ ಮಾತ್ರ. ಕಬಡ್ಡಿಗಾಗಿ ಕೊಳ್ಳುವವರು ಇದನ್ನು ತಿಳಿದೇ ಕೊಳ್ಳಬೇಕು. ವಾಲಿಬಾಲ್, ಬ್ಯಾಡ್ಮಿಂಟನ್, ಓಟದವರಿಗೆ ಈ ತೊಂದರೆಯಿಲ್ಲ.

ಬೆಲ್ಟ್ ಅಳೆಯುತ್ತದೆ ಅಷ್ಟೇ, ಸುಧಾರಿಸುವ ಕೆಲಸ ಕಾಲಿನದು. ಮಳೆಗಾಲ ಮುಗಿದ ಮೇಲೆ ವಾರಕ್ಕೆ ಎರಡು ದಿನ ಕಡಲತೀರದಿಂದ ಕೋಡಿಬಾಗದ ಕಡೆಗೆ, ಪಕ್ಕದವಳ ಜೊತೆ ಮಾತಾಡುತ್ತಾ ಓಡಬಲ್ಲ ವೇಗದಲ್ಲಿ ಓಡಿಸತೊಡಗಿದೆ. ಕಬಡ್ಡಿಗೂ ಈ ಕುಂಟೋಟಕ್ಕೂ ಏನು ಸಂಬಂಧ ಎಂದು ಹುಡುಗಿಯರು ಮುಖ ಊದಿಸಿಕೊಂಡರು. ಬೇಗ ಹೋದರೆ ಅಭ್ಯಾಸ ಚೆನ್ನಾಗಿ ಆಯಿತು ಎಂಬ ಅವರ ನಂಬಿಕೆಗೆ ಬೆಲ್ಟ್ ಲಗಾಮು ಹಾಕಿತು. 150 ದಾಟಿದರೆ ನಡೆಯಬೇಕು ಎಂಬ ನಿಯಮ ಮಾಡಿದೆ. ಮೊದಮೊದಲು ಓಡಿದ್ದಕ್ಕಿಂತ ನಡೆದದ್ದೇ ಹೆಚ್ಚು. ಸಂಕ್ರಾಂತಿಯ ಹೊತ್ತಿಗೆ ಅದೇ ಬಡಿತದಲ್ಲಿ ಕಾಳಿ ಸೇತುವೆ ಕಾಣುವ ತನಕ ನಿಲ್ಲದೆ ಓಡುತ್ತಿದ್ದರು. ಬೈತಖೋಲದ ಹುಡುಗಿಯ ಒಂದು ನಿಮಿಷದ ಇಳಿತ ದಸರೆ ರಜೆಯ ನಂತರ ಬರೆದಾಗ 28 ಇತ್ತು, ಈಗ 40ರ ಮೇಲಿದೆ. ಅವಳು ಸತತ ಎರಡು ರೈಡಿಗೆ ಹೋದರೂ ಎರಡನೆಯದರಲ್ಲಿ ಕಾಲು ಏಳುತ್ತದೆ. ಇದರಲ್ಲಿ ವಯಸ್ಸಿನ ಜೊತೆ ಬಂದ ಬೆಳವಣಿಗೆ ಎಷ್ಟು, ಓಟದ ಪಾಲು ಎಷ್ಟು ಎಂದು ಬೇರ್ಪಡಿಸಲು ನನ್ನ ನೋಟ್‌ಬುಕ್ಕಿಗೆ ಸಾಧ್ಯವಿಲ್ಲ. ನನಗೆ ಪಾಯಿಂಟು ಬಂದರೆ ಸಾಕು.

ಪಾನೀಯದ ಡಬ್ಬಿಗಳ ಬಗ್ಗೆಯೂ ಕೇಳುತ್ತೀರಿ, ಗೊತ್ತು. ಅಭ್ಯಾಸದ ನಡುವೆ ನಾವು ಕೊಡುವುದು ಕೋಕಂ ನೀರು: ಬೆಲ್ಲ, ಸಾಣಿಕಟ್ಟೆಯ ಉಪ್ಪು ಒಂದು ಚಿಟಿಕೆ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಬೆವರಿನಲ್ಲಿ ಹೋಗುವ ಸೋಡಿಯಂ ಕಡಿಮೆ. ಅದನ್ನೇ ಕುಡಿಯುವವರು ಜೊತೆಗೆ ಉಪ್ಪಿನದೇನಾದರೂ ತಿನ್ನಬೇಕು. ಕ್ರಿಯಾಟಿನ್ ಪುಡಿಗೆ ಒಳ್ಳೆಯ ಆಧಾರವಿದೆ, ದಿನಕ್ಕೆ 3ರಿಂದ 5 ಗ್ರಾಂ ಎಂಬುದು ದೊಡ್ಡವರ ಅಳತೆ. ಮಾಂಸ–ಮೀನು ತಿನ್ನದವರ ಸ್ನಾಯುವಿನಲ್ಲಿ ಅದು ಮೊದಲೇ ಕಡಿಮೆ ಇರುವುದರಿಂದ ಅವರಿಗೆ ಗುಣ ಹೆಚ್ಚು ಕಾಣಬಹುದು. ಶಿರಸಿ ಕಡೆಯ ಬ್ಯಾಡ್ಮಿಂಟನ್ ಗೆಳತಿಗೆ ನಾನೇ ಹೇಳಿದ್ದೇನೆ. ಶಾಲೆಯ ಮಕ್ಕಳಿಗೆ ಮಾತ್ರ ಡಬ್ಬಿಯ ಮಾತೇ ಎತ್ತುವುದಿಲ್ಲ. ಇವರ ಮನೆಯಲ್ಲಿ ದಿನಾ ಮೀನಿದೆ.

ಬಾಳಿಕೆಯ ವಿಷಯಕ್ಕೆ ಬಂದರೆ, ನಮ್ಮ ಕರಾವಳಿಯ ಗಾಳಿ ಈ ವಸ್ತುವಿನ ಶತ್ರು. ಬಳಸಿದ ಮೇಲೆ ಗುಂಡಿಯನ್ನು ಪಟ್ಟಿಯಿಂದ ಬಿಚ್ಚಲೇಬೇಕು. ಬಿಚ್ಚದಿದ್ದರೆ ಒದ್ದೆ ಪಟ್ಟಿ ಅದನ್ನು ಎಚ್ಚರವಾಗಿಯೇ ಇಟ್ಟು ಸೆಲ್ ತಿಂದುಹಾಕುತ್ತದೆ. ಟಿಚ್ ಬಟನ್ನಿನ ಸುತ್ತ ಹಸಿರು ಕಿಲುಬೂ ಹತ್ತುತ್ತದೆ. ಸಿಹಿನೀರಿನಲ್ಲಿ ಜಾಲಾಡಿ ನೆರಳಲ್ಲಿ ಒಣಗಿಸಬೇಕು. ಸೆಲ್ ಮುಚ್ಚಳದ ರಬ್ಬರ್ ಬಳೆಯಲ್ಲಿ ಒಂದು ಕಣ ಮರಳು ಸಿಕ್ಕಿಕೊಂಡರೂ ಒಳಗೆ ನೀರು ಹೋಗುತ್ತದೆ. ಮಳೆಗಾಲದಲ್ಲಿ ನಮ್ಮ ಒಂದು ಗುಂಡಿ ಹೀಗೆಯೇ ಹೋಯಿತು. ಮಾರಿದವರಿಗೆ ಬರೆದರೆ ‘ನೀರಿನಿಂದಾದ ಹಾನಿಗೆ ಖಾತರಿಯಿಲ್ಲ’ ಎಂಬ ಉತ್ತರ ಬಂತು. ಪೆಟ್ಟಿಗೆಯ ಮೇಲೆ ನೀರಿಗೆ ಜಗ್ಗದು ಎಂದು ದೊಡ್ಡ ಅಕ್ಷರದಲ್ಲಿ ಅಚ್ಚಾಗಿದೆ. ಪಟ್ಟಿಯ ಎಲಾಸ್ಟಿಕ್ ಒಂದು ಶಾಲಾ ವರ್ಷಕ್ಕಿಂತ ಹೆಚ್ಚು ಬಿಗಿ ಉಳಿಸಿಕೊಳ್ಳುವುದಿಲ್ಲ. ಹಾಗಾಗಿ ಕೊಳ್ಳುವಾಗ ಬರೀ ಪಟ್ಟಿ ಬೇರೆಯಾಗಿ ಸಿಗುತ್ತದೆಯೇ ಎಂದು ನೋಡಿ, ಸಿಗದ ಬೆಲ್ಟನ್ನು ಎಷ್ಟೇ ಅಗ್ಗವಾದರೂ ಬಿಡಿ. ತಂಡಕ್ಕಾದರೆ ಎರಡು ಗುಂಡಿ, ನಾಲ್ಕು ಪಟ್ಟಿ ಸಾಕು. ಒಬ್ಬರ ಪಟ್ಟಿ ತೊಳೆದು ಒಣಗುವಾಗ ಇನ್ನೊಬ್ಬರದ್ದು ನಡೆಯುತ್ತದೆ. ನಲವತ್ತು ದಾಟಿ ಹೊಸದಾಗಿ ಜೋರಿನ ಓಟ ಶುರು ಮಾಡುವವರು, ಎದೆನೋವು ಅಥವಾ ತಲೆಸುತ್ತಿನ ಇತಿಹಾಸವಿರುವವರು ಬೆಲ್ಟಿಗಿಂತ ಮೊದಲು ವೈದ್ಯರಲ್ಲಿ ಒಂದು ಇಸಿಜಿ ಮಾಡಿಸಿಕೊಳ್ಳಲಿ. ಅದಕ್ಕೆ ತಗಲುವ ಖರ್ಚು ಇದಕ್ಕಿಂತ ಕಡಿಮೆ.